ಹಿರೋಷಿಮಾದ ದಫ್ತರ

ನಮ್ಮ ಶಾಲೆಗಳಲ್ಲಿ ಒಂದು ತಲೆಮಾರಿನ ಹಿಂದಿನ ಅಡ್ಮಿಷನ್ ರಿಜಿಸ್ಟರುಗಳನ್ನು ತೆರೆದು ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಮಕ್ಕಳಲ್ಲಿ ಬಹುಮಂದಿ ಜೂನ್ ತಿಂಗಳ 1ನೆಯ ತಾರೀಖೇ ಹುಟ್ಟಿದ್ದಾರೆ! ನಾನೂ ಆ ದಿನವೇ ಹುಟ್ಟಿದವನು. ನನ್ನ ತಾಯಿಯ ಲೆಕ್ಕದಲ್ಲಿ ನಾನು ಹುಟ್ಟಿದ್ದು ದೀಪಾವಳಿಯ ಹಿಂದಿನ ರಾತ್ರಿ. ಸರ್ಕಾರದ ಲೆಕ್ಕದಲ್ಲಿ ಜೂನ್ 1. ನನಗೆ ಸಂಬಳ, ಬಡ್ತಿ, ನಿವೃತ್ತಿ ಎಲ್ಲವೂ ಎರಡನೆಯ ಲೆಕ್ಕದ ಪ್ರಕಾರ.

ಇದನ್ನು ನಗುತ್ತ ಹೇಳಬಹುದು. ಆದರೆ ಇಂಥ ತಪ್ಪನ್ನು ನನ್ನ ಕೈಯೂ ಮಾಡಿದೆ ಎಂಬುದನ್ನು ನಗುತ್ತ ಹೇಳಲಾರೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬ ತಾಯಿ ಮಗಳನ್ನು ಸೇರಿಸಲು ಕರೆತಂದಳು. ಕಾಗದಪತ್ರ ಒಂದೂ ಇರಲಿಲ್ಲ. "ಯಾವಾಗ ಹುಟ್ಟಿದಳಮ್ಮ?" ಎಂದೆ. "ಕೆರೆ ಕೋಡಿ ಬಿದ್ದ ವರ್ಷ ಸ್ವಾಮಿ, ಗೌರಿ ಹಬ್ಬ ಕಳೆದು ಮೂರನೆಯ ದಿನ, ಹಾಲು ಕರೆಯೋ ಹೊತ್ತು" ಎಂದಳು. ನಾನು ಮಗುವಿನ ಮುಖ ನೋಡಿದೆ, ಆರು ವರ್ಷವಿರಬಹುದೆಂದು ಅಂದಾಜು ಮಾಡಿದೆ, ಜೂನ್ 1 ಎಂದು ಬರೆದೆ. ಆಕೆ ಹೇಳಿದ ಮಾತನ್ನು ಎಲ್ಲಿಯೂ ಬರೆದಿಡಲಿಲ್ಲ. ಹಳೆಯ ಪಂಚಾಂಗವೊಂದನ್ನು ತೆರೆದಿದ್ದರೆ ಆ ಮಗುವಿನ ನಿಜವಾದ ದಿನ ಸಿಕ್ಕುತ್ತಿತ್ತು. ಸಾಕ್ಷ್ಯ ನನ್ನ ಮುಂದೆ ಬಂದು ನಿಂತಿತ್ತು. ನಾನು ಅದನ್ನು ಬಿಸುಟು ನನ್ನ ಅನುಕೂಲವನ್ನು ಬರೆದೆ.

ಇಂಥ ಸಣ್ಣ ದಾಖಲೆಗಳಿಂದ ಏನಾಗುತ್ತದೆ ಎಂದು ಕೇಳುವವರು ಉಂಟು. ಅವರಿಗೆ ಉತ್ತರವಾಗಿ ಈ ಹೊತ್ತು ಜಪಾನಿನ ಒಂದು ದಫ್ತರದ ಕಥೆಯನ್ನು ಹೇಳಬೇಕೆಂದಿದ್ದೇನೆ.

1945ನೆಯ ಇಸವಿ ಆಗಸ್ಟ್ 6ರ ಬೆಳಗ್ಗೆ ಎಂಟೂಕಾಲು ಗಂಟೆಗೆ ಹಿರೋಷಿಮಾ ನಗರದ ಮೇಲೆ, 9ರಂದು ನಾಗಸಾಕಿಯ ಮೇಲೆ, ಅಮೆರಿಕದವರು ಪರಮಾಣು ಬಾಂಬನ್ನು ಹಾಕಿದರು. ಬೆಂಕಿಗೂ ಹೊಡೆತಕ್ಕೂ ಸಿಕ್ಕಿ ಸತ್ತವರ ಸಂಗತಿ ಲೋಕಕ್ಕೆಲ್ಲ ಗೊತ್ತಿದೆ. ಬದುಕಿ ಉಳಿದವರ ಕಥೆ ಬೇರೆ. ಅವರ ದೇಹದೊಳಗೆ ಕಣ್ಣಿಗೆ ಕಾಣದ ವಿಕಿರಣ ಹಾದುಹೋಗಿತ್ತು. ಗಾಯ ಮಾಯಿತು, ಕೂದಲು ಮತ್ತೆ ಬಂತು, ಜನ ಮನೆ ಕಟ್ಟಿಕೊಂಡರು, ಮದುವೆಯಾದರು. ಆದರೆ ಆ ಅದೃಶ್ಯ ವಸ್ತು ಮುಂದೆ ಏನು ಮಾಡುತ್ತದೆ? ಹತ್ತು ವರ್ಷಕ್ಕೆ, ಇಪ್ಪತ್ತು ವರ್ಷಕ್ಕೆ, ಐವತ್ತು ವರ್ಷಕ್ಕೆ? ಅವರ ಮಕ್ಕಳಿಗೆ ಏನಾಗುತ್ತದೆ? ಇದನ್ನು ಹೇಳಬಲ್ಲ ವೈದ್ಯನು ಆಗ ಭೂಮಿಯ ಮೇಲೆ ಯಾರೂ ಇರಲಿಲ್ಲ.

ವಿಕಿರಣದ ಹಾನಿಯ ಸ್ವಭಾವವೇ ಅಂಥದು. ಹಾವು ಕಚ್ಚಿದರೆ ಗುರುತು ಇರುತ್ತದೆ, ವಿಷ ಏರುವುದು ಕಾಣುತ್ತದೆ. ವಿಕಿರಣದಿಂದ ಬರುವ ಕ್ಯಾನ್ಸರಿಗೂ ತಾನಾಗಿ ಬರುವ ಕ್ಯಾನ್ಸರಿಗೂ ಹಣೆಯಲ್ಲಿ ಬರೆದ ಭೇದವೇನೂ ಇಲ್ಲ. ಒಬ್ಬ ರೋಗಿಯನ್ನು ಎಷ್ಟು ಪರೀಕ್ಷಿಸಿದರೂ ಇದು ಬಾಂಬಿನದು, ಇದು ವಿಧಿಯದು ಎಂದು ತಿಳಿಯಲಾಗದು. ತಿಳಿಯುವ ದಾರಿ ಒಂದೇ. ಬಹಳ ಜನರನ್ನು ಬಹಳ ಕಾಲ ಬಿಡದೆ ಗಮನಿಸಬೇಕು. ಯಾರಿಗೆ ಎಷ್ಟು ವಿಕಿರಣ ತಗುಲಿತ್ತು, ಯಾರು ಯಾವಾಗ ಯಾವ ಕಾರಣದಿಂದ ತೀರಿಕೊಂಡರು ಎಂಬುದನ್ನು ಬರೆದಿಟ್ಟು, ವಿಕಿರಣ ತಗುಲದವರೊಡನೆ ಹೋಲಿಸಬೇಕು. ಅಂದರೆ ಇದು ಸೂಕ್ಷ್ಮದರ್ಶಕದ ಕೆಲಸವಾಗಿರುವಷ್ಟೇ ಶ್ಯಾನುಭೋಗಿಕೆಯ ಕೆಲಸವೂ ಹೌದು.

ಈ ಕೆಲಸಕ್ಕಾಗಿ 1947ರಲ್ಲಿ ಅಮೆರಿಕದವರು ಹಿರೋಷಿಮಾದಲ್ಲಿ ಒಂದು ಆಯೋಗವನ್ನು ತೆರೆದರು. ಪರಮಾಣು ಬಾಂಬಿನ ಹಾನಿಯನ್ನು ತಿಳಿಯುವ ಆಯೋಗವೆಂದು ಅದರ ಹೆಸರು. 1975ರಿಂದ ಅದು ಜಪಾನ್ ಮತ್ತು ಅಮೆರಿಕ ಎರಡೂ ಸರ್ಕಾರಗಳು ಕೂಡಿ ನಡೆಸುವ ವಿಕಿರಣ ಪರಿಣಾಮ ಸಂಶೋಧನ ಪ್ರತಿಷ್ಠಾನವಾಯಿತು.

ಮೊದಲು ಬೇಕಾದುದು ಪಟ್ಟಿ. 1950ರಲ್ಲಿ ಜಪಾನ್ ದೇಶದ ಜನಗಣತಿ ನಡೆದಾಗ, ಬಾಂಬು ಬಿದ್ದ ದಿನ ಆ ಎರಡು ನಗರಗಳಲ್ಲಿ ಇದ್ದವರು ಯಾರೆಂದೂ ವಿಚಾರಿಸಿದರು. ಸುಮಾರು 2 ಲಕ್ಷ 84 ಸಾವಿರ ಮಂದಿಯ ಹೆಸರು ದೊರೆಯಿತು. ಅವರಿಂದ ಸುಮಾರು 94 ಸಾವಿರ ಜನರನ್ನೂ, ಆ ದಿನ ಊರಿನಲ್ಲಿ ಇಲ್ಲದೆ ಉಳಿದ ಸುಮಾರು 27 ಸಾವಿರ ಜನರನ್ನೂ ಆಯ್ದು, ಅವರ ಜೀವಮಾನವೆಲ್ಲ ಗಮನಿಸುವುದೆಂದು ನಿಶ್ಚಯಿಸಿದರು. ಇವರಲ್ಲಿ ಸುಮಾರು 20 ಸಾವಿರ ಜನರಿಗೆ 1958ರಿಂದ ಎರಡು ವರ್ಷಕ್ಕೊಮ್ಮೆ ವೈದ್ಯಪರೀಕ್ಷೆಯೂ ಮೊದಲಾಯಿತು. ಈ ಲೆಕ್ಕದಲ್ಲಿ ಒಂದು ಕೊರತೆ ಉಂಟು. 1945ರಿಂದ 1950ರೊಳಗೆ ತೀರಿಕೊಂಡವರು ಇದರಲ್ಲಿ ಸೇರಿಲ್ಲ. ಆ ಕೊರತೆಯನ್ನು ಸಂಶೋಧಕರು ಮುಚ್ಚಿಡಲಿಲ್ಲ. ಲೆಕ್ಕ ಬರೆಯುವವನು ತನ್ನ ಪುಸ್ತಕದಲ್ಲಿ ಏನಿಲ್ಲ ಎಂಬುದನ್ನು ಹೇಳುವುದೂ ಲೆಕ್ಕದ ಒಂದು ಭಾಗವೇ.

ಲಕ್ಷಕ್ಕೂ ಮೀರಿದ ಜನ ಕೆಲಸ ಹುಡುಕಿಕೊಂಡು, ಮದುವೆಯಾಗಿ, ದೇಶದ ಮೂಲೆಮೂಲೆಗೆ ಚದುರುತ್ತಾರೆ. ಅವರನ್ನು ಹಿಂಬಾಲಿಸುವುದು ಹೇಗೆ? ಇಲ್ಲಿ ಜಪಾನೀಯರ ಹಳೆಯ ಪದ್ಧತಿಯೊಂದು ಕೈಹಿಡಿಯಿತು. ಅದಕ್ಕೆ ಕೋಸೆಕಿ ಎಂದು ಹೆಸರು. ಪ್ರತಿಯೊಂದು ಕುಟುಂಬಕ್ಕೂ ಒಂದು ಮೂಲಸ್ಥಾನ ಇರುತ್ತದೆ. ಮನೆಯವರು ಎಲ್ಲಿಯೇ ವಾಸವಾಗಿರಲಿ, ಹುಟ್ಟು, ಮದುವೆ, ಸಾವುಗಳು ಆ ಮೂಲಸ್ಥಾನದ ಪುಸ್ತಕಕ್ಕೆ ಬಂದು ಸೇರಲೇಬೇಕು. ಆ ಪುಸ್ತಕವನ್ನು ಕಾಲಕಾಲಕ್ಕೆ ನೋಡಿದರೆ ಪಟ್ಟಿಯಲ್ಲಿರುವವರು ಜೀವಂತರೋ ಅಲ್ಲವೋ ತಿಳಿದುಬರುತ್ತದೆ. ತೀರಿಕೊಂಡಿದ್ದರೆ ಮರಣಪತ್ರದಿಂದ ಕಾರಣ ಗೊತ್ತಾಗುತ್ತದೆ. ಇದರ ಜೊತೆಗೆ 1957ರಲ್ಲಿ ಹಿರೋಷಿಮಾದಲ್ಲಿಯೂ 1958ರಲ್ಲಿ ನಾಗಸಾಕಿಯಲ್ಲಿಯೂ ಕ್ಯಾನ್ಸರ್ ರೋಗಿಗಳನ್ನು ನಮೂದಿಸುವ ರಿಜಿಸ್ಟರು ಆರಂಭವಾಯಿತು. ಚಿತ್ರಗುಪ್ತನ ದಫ್ತರಕ್ಕೆ ಮನುಷ್ಯರು ಮಾಡಿಕೊಂಡ ನಕಲು ಯಾವುದಾದರೂ ಇದ್ದರೆ ಅದು ಇದೇ ಇರಬೇಕು.

ಸಾವಿನ ಲೆಕ್ಕ ಹೀಗಾಯಿತು. ವಿಕಿರಣದ ಲೆಕ್ಕ? ಬಾಂಬು ಬಿದ್ದ ಕ್ಷಣದಲ್ಲಿ ಯಾರ ಜೇಬಿನಲ್ಲಿಯೂ ಅಳತೆಯ ಉಪಕರಣ ಇರಲಿಲ್ಲ. ಸಂದರ್ಶಕರು ಮನೆಮನೆಗೆ ಹೋಗಿ ಕೇಳಿದರು. ಆ ಕ್ಷಣದಲ್ಲಿ ನೀವು ಎಲ್ಲಿದ್ದಿರಿ? ಮನೆಯ ಒಳಗೋ, ಬೀದಿಯಲ್ಲೋ? ಯಾವ ಕೋಣೆ? ನಿಂತಿದ್ದಿರೋ, ಕುಳಿತಿದ್ದಿರೋ, ಮಲಗಿದ್ದಿರೋ? ಯಾವ ದಿಕ್ಕಿಗೆ ಮುಖ? ಗೋಡೆ ಯಾವುದರದು, ಸೂರು ಯಾವುದರದು? ಹೀಗೆ ಕೇಳಿ, ಮನೆಯ ನಕ್ಷೆ ಬರೆದು, ಮನುಷ್ಯನು ಇದ್ದ ಸ್ಥಳವನ್ನು ಗುರುತು ಮಾಡಿದರು. ಇಂಥ ವಿವರಗಳನ್ನು ಸುಮಾರು 28 ಸಾವಿರ ಜನರಿಂದ ಸಂಗ್ರಹಿಸಿದರು. ಅತ್ತ ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಜಪಾನೀ ಮಾದರಿಯ ಮನೆಗಳನ್ನು ಕಟ್ಟಿ, ಅವುಗಳ ಗೋಡೆಗಳು ವಿಕಿರಣವನ್ನು ಎಷ್ಟು ತಡೆಯುತ್ತವೆಂದು ಅಳೆದು ನೋಡಿದರು.

ಈ ಉತ್ತರಗಳ ಮೇಲೆ ಒಬ್ಬೊಬ್ಬರಿಗೂ ತಗುಲಿದ ವಿಕಿರಣದ ಪ್ರಮಾಣವನ್ನು ಗುಣಿಸಿದರು. 1965ರಲ್ಲಿ ಒಂದು ಲೆಕ್ಕವಾಯಿತು. ಬಾಂಬಿನ ವಿಚಾರದಲ್ಲಿ ತಿಳಿವಳಿಕೆ ಬೆಳೆದ ಹಾಗೆ ಅದು ಸಾಲದೆಂದು ಕಂಡುಬಂತು. 1986ರಲ್ಲಿ ಹೊಸ ಲೆಕ್ಕ ಮಾಡಿದರು. 2002ರಲ್ಲಿ ಅದನ್ನೂ ತಿದ್ದಿದರು. ಇಷ್ಟು ಸಲ ತಿದ್ದಲು ಹೇಗೆ ಸಾಧ್ಯವಾಯಿತು? ಹಿಂದಿನವರು ತಮ್ಮ ಗುಣಾಕಾರದ ಫಲವನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಬಿಸುಡಲಿಲ್ಲ. ಆಕೆ ಅಡಿಗೆಮನೆಯಲ್ಲಿದ್ದಳು, ಪೂರ್ವದ ಗೋಡೆಗೆ ಒರಗಿದ್ದಳು ಎಂಬ ಮೂಲದ ಮಾತನ್ನು ಹಾಗೆಯೇ ಇಟ್ಟಿದ್ದರು. ನಿರ್ಣಯವು ಕಾಲಕ್ಕೆ ತಕ್ಕಂತೆ ಬದಲಾಗಬಹುದು, ಸಾಕ್ಷ್ಯವನ್ನು ಮಾತ್ರ ಬದಲಾಯಿಸಕೂಡದು. ಇದನ್ನು ಓದಿದಾಗ ನನಗೆ ಕೆರೆ ಕೋಡಿ ಬಿದ್ದ ವರ್ಷದ ಆ ತಾಯಿಯ ನೆನಪಾಯಿತು.

ಇಷ್ಟು ಶ್ರಮದಿಂದ ತಿಳಿದದ್ದೇನು? ಮೊದಲು ಬಂದದ್ದು ರಕ್ತದ ಕ್ಯಾನ್ಸರು. ಬಾಂಬು ಬಿದ್ದ ಕೆಲವೇ ವರ್ಷಗಳಲ್ಲಿ ಅದು ಹೆಚ್ಚಿತು, ಆಮೇಲೆ ಇಳಿಯುತ್ತ ಬಂತು. ಹೊಟ್ಟೆ, ಶ್ವಾಸಕೋಶ, ಸ್ತನ ಮೊದಲಾದ ಕಡೆಯ ಕ್ಯಾನ್ಸರುಗಳು ಹತ್ತು ವರ್ಷ ಕಳೆದ ಮೇಲೆ ತಲೆಯೆತ್ತಿ, ದಶಕಗಳ ಕಾಲ ನಿಲ್ಲಲಿಲ್ಲ. ಎಳೆಯ ವಯಸ್ಸಿನಲ್ಲಿ ವಿಕಿರಣಕ್ಕೆ ಸಿಕ್ಕಿದವರಿಗೆ ಅಪಾಯ ಹೆಚ್ಚು. 1950ರಿಂದ 2000ದವರೆಗೆ, ಲೆಕ್ಕಕ್ಕೆ ಬರುವಷ್ಟು ವಿಕಿರಣ ತಗುಲಿದ್ದ ಸುಮಾರು 49 ಸಾವಿರ ಜನರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡವರು 204 ಮಂದಿ. ಅವರಲ್ಲಿ ಸುಮಾರು 94 ಸಾವು ವಿಕಿರಣದ ಪಾಲಿನದು. ಆ 94 ಮಂದಿ ಯಾರು ಎಂದು ಬೆರಳಿಟ್ಟು ತೋರಿಸಲು ಯಾರಿಂದಲೂ ಸಾಧ್ಯವಿಲ್ಲ. ಇಡೀ ಪಟ್ಟಿ ಕೂಡಿ ಹೇಳುವ ಸತ್ಯ ಅದು. ಪಟ್ಟಿಯನ್ನು ಅಜಾಗ್ರತೆಯಿಂದ ಬರೆದಿದ್ದರೆ ಆ ಸತ್ಯ ಮಸುಕಾಗುತ್ತಿತ್ತು.

ಬದುಕಿ ಉಳಿದವರಿಗೆ ಆಮೇಲೆ ಹುಟ್ಟಿದ ಮಕ್ಕಳ ವಿಚಾರದಲ್ಲಿ, ವಂಶಪಾರಂಪರ್ಯವಾದ ಹಾನಿ ಇದುವರೆಗೆ ಕಂಡುಬಂದಿಲ್ಲ. ಕನ್ನಡ ಪಂಡಿತನಾಗಿ ನಾನು ಇಲ್ಲೊಂದು ಮಾತನ್ನು ಹೇಳಬೇಕು. 'ಇಲ್ಲ' ಎನ್ನುವುದು ಬೇರೆ, 'ಕಂಡುಬಂದಿಲ್ಲ' ಎನ್ನುವುದು ಬೇರೆ. ಒಳ್ಳೆಯ ಸಂಶೋಧಕರು ಎರಡನೆಯದನ್ನೇ ಬಳಸುತ್ತಾರೆ.

ಇಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ನೌಕರನಿಗೆ, ನಮ್ಮ ಕೈಗಾದ ಅಣುವಿದ್ಯುತ್ ಸ್ಥಾವರದಲ್ಲಿ ದುಡಿಯುವವನಿಗೆ, ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ವಿಕಿರಣ ತಗುಲಕೂಡದೆಂದು ಮಿತಿ ಇದೆ. ಅಂಥ ಮಿತಿಗಳಿಗೆ ಮುಖ್ಯ ಆಧಾರ ಹಿರೋಷಿಮಾ ನಾಗಸಾಕಿಯ ಈ ದಫ್ತರವೇ.

ಆದರೆ ಈ ದಫ್ತರಕ್ಕೆ ಒಂದು ಕಪ್ಪು ಪುಟವೂ ಉಂಟು. ಮೊದಲ ವರ್ಷಗಳಲ್ಲಿ ಆಯೋಗದವರು ಜನರನ್ನು ಕರೆದು ಪರೀಕ್ಷಿಸುತ್ತಿದ್ದರು. ಚಿಕಿತ್ಸೆ ಕೊಡುವುದು ಅವರ ಕೆಲಸವೆಂದು ಎಣಿಸಲಿಲ್ಲ. ಬಾಂಬು ಹಾಕಿದವರೇ ಬಂದು ನಮ್ಮ ರಕ್ತವನ್ನು ಅಳೆದುಕೊಂಡು ಹೋಗುತ್ತಾರೆ, ನಮ್ಮನ್ನು ಪ್ರಯೋಗದ ಪ್ರಾಣಿಗಳಂತೆ ಕಾಣುತ್ತಾರೆ ಎಂದು ಜನ ನೊಂದರು. 2017ರಲ್ಲಿ ಪ್ರತಿಷ್ಠಾನದ ಅಧ್ಯಕ್ಷರು ಆ ಕಾಲದ ನಡತೆಗಾಗಿ ಬಹಿರಂಗವಾಗಿ ವಿಷಾದ ಸೂಚಿಸಿದರು. ಇನ್ನೊಂದು ಸಂಕಟವೂ ಇತ್ತು. ಬಾಂಬಿಗೆ ಸಿಕ್ಕಿದ ಮನೆಯ ಹೆಣ್ಣೆಂದರೆ ಸಂಬಂಧ ಮುರಿಯುತ್ತಿತ್ತು, ಗಂಡೆಂದರೆ ಕೆಲಸ ತಪ್ಪುತ್ತಿತ್ತು. ಆದುದರಿಂದ ಇಂಥ ದಾಖಲೆಯಲ್ಲಿ ಹೆಸರನ್ನು ಬೀಗ ಹಾಕಿ ಕಾಯಬೇಕು; ಹೊರಗಿನ ಪಂಡಿತರಿಗೆ ಅಂಕಿಗಳನ್ನು ಮಾತ್ರ ಕೊಡಬೇಕು. ಅಂಕಿ ಲೋಕದ ಸೊತ್ತು, ಹೆಸರು ಅವರವರ ಮಾನ.

ನಮ್ಮ ದೇಶದಲ್ಲಿ ಕೋಸೆಕಿ ಇಲ್ಲ. ಆದರೂ ಪ್ರಯತ್ನವೇ ಇಲ್ಲವೆನ್ನಲಾಗದು. ಕೇರಳದ ಕೊಲ್ಲಂ ಜಿಲ್ಲೆಯ ಕರುನಾಗಪಳ್ಳಿ ಕಡಲತೀರದ ಮರಳಿನಲ್ಲಿ ಥೋರಿಯಂ ಇರುವುದರಿಂದ ಅಲ್ಲಿ ಸಹಜವಾದ ವಿಕಿರಣವೇ ಹೆಚ್ಚು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು 1990ರಲ್ಲಿ ಅಲ್ಲಿ ಕ್ಯಾನ್ಸರ್ ರಿಜಿಸ್ಟರನ್ನು ತೆರೆದು, ಮನೆಮನೆಗೆ ಹೋಗಿ ಜನರನ್ನು ಎಣಿಸಿ, ಮನೆಯ ಒಳಗೂ ಹೊರಗೂ ವಿಕಿರಣವನ್ನು ಅಳೆದರು. ಸುಮಾರು 70 ಸಾವಿರ ಜನರನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಿ, ಆ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬಂದಿಲ್ಲವೆಂದು 2009ರಲ್ಲಿ ಪ್ರಕಟಿಸಿದರು. ಇಲ್ಲಿಯೂ 'ಕಂಡುಬಂದಿಲ್ಲ' ಎಂಬ ಮಾತನ್ನೇ ನೆನಪಿಡತಕ್ಕದ್ದು. ನಮ್ಮ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿಯೂ ನಗರದ ಕ್ಯಾನ್ಸರ್ ರೋಗಿಗಳ ದಾಖಲೆ 1982ರಿಂದ ನಡೆದುಬಂದಿದೆ.

ಇಂಥ ಕೆಲಸಗಳೆಲ್ಲ ಕೊನೆಗೆ ನಿಲ್ಲುವುದು ಊರಿನ ಪುಸ್ತಕಗಳ ಮೇಲೆ. ಹುಟ್ಟು ಸಾವುಗಳನ್ನು ನೋಂದಾಯಿಸಬೇಕೆಂಬ ಕಾಯಿದೆ ನಮ್ಮಲ್ಲಿ 1969ರಲ್ಲಿಯೇ ಆಗಿದೆ. ಆದರೆ ಮನೆಯಲ್ಲಿ ಹಿರಿಯರು ತೀರಿಕೊಂಡಾಗ ಕಾರಣವೇನೆಂದು ಕೇಳಿದರೆ ನಾವು ಏನು ಹೇಳುತ್ತೇವೆ? "ವಯಸ್ಸಾಗಿತ್ತು" ಎನ್ನುತ್ತೇವೆ, ಇಲ್ಲವೆ "ಎದೆನೋವು" ಎನ್ನುತ್ತೇವೆ. ಬರೆಯುವವರೂ ಹಾಗೆಯೇ ಬರೆದುಬಿಡುತ್ತಾರೆ. ಅದು ಸಾವಿನ ಜೂನ್ 1.

ನಮ್ಮ ಹಿಂದಿನವರು ಒಬ್ಬ ವೀರನು ಮಡಿದರೆ ಯಾರು, ಯಾವಾಗ, ಯಾವ ಕಾರಣಕ್ಕೆ ಮಡಿದನೆಂದು ಕಲ್ಲಿನಲ್ಲಿ ಕೊರೆದು ಊರ ಮುಂದೆ ನಿಲ್ಲಿಸಿದರು. ಸಾಮಾನ್ಯನ ಸಾವಿಗೆ ಅಷ್ಟು ಮರ್ಯಾದೆ ಇರಲಿಲ್ಲ. ಇಂದು ಪಂಚಾಯಿತಿಯ ಪುಸ್ತಕದಲ್ಲಿ ಅವನಿಗೂ ಒಂದು ಸಾಲು ಇದೆ. ನಿಮ್ಮ ಮನೆಯವರ ಆ ಸಾಲನ್ನು ಬರೆಸುವಾಗ ವೈದ್ಯರ ಚೀಟಿಯನ್ನು ತೆಗೆದುಕೊಂಡು ಹೋಗಿ, ತಿಳಿದಷ್ಟನ್ನು ಸರಿಯಾಗಿ ಹೇಳಿ, ತಿಳಿಯದ್ದನ್ನು ತಿಳಿಯದೆಂದೇ ಬರೆಸಿ. ನಾನು ಜೂನ್ 1 ಎಂದು ಬರೆದ ಆ ಹುಡುಗಿ ಈಗ ಮಕ್ಕಳ ತಾಯಿಯಾಗಿರಬೇಕು. ಆಕೆಯ ಹುಟ್ಟಿದ ದಿನವನ್ನು ನಾನು ಹಿಂದಕ್ಕೆ ಕೊಡಲಾರೆ. ಆಕೆಯ ಮಕ್ಕಳ ದಿನವನ್ನಾದರೂ ಯಾರೋ ಸರಿಯಾಗಿ ಬರೆದಿದ್ದಾರೆಂದು ನಂಬುತ್ತೇನೆ.