ಕಾಲಿನ ತಳಮಳವೂ ಆಹಾರವಿವೇಚನೆಯೂ



ಹಗಲೆಲ್ಲ ದುಡಿದು ದಣಿದ ದೇಹವನ್ನು ಹಾಸಿಗೆಯ ಮೇಲೆ ಚಾಚಿ, ಇನ್ನೇನು ನಿದ್ದೆ ಹತ್ತಬೇಕು ಎನ್ನುವ ಹೊತ್ತಿಗೆ, ಮೀನಖಂಡದೊಳಗೆ ಇರುವೆ ಹರಿದಂತೆ, ನೋವೆಂದು ಹೇಳಲಾಗದ ತಳಮಳವೊಂದು ಹುಟ್ಟಿ, ಕಾಲನ್ನು ಆಡಿಸದೆ ಗತ್ಯಂತರವಿಲ್ಲವೆನ್ನಿಸುವ ವ್ಯಾಧಿಯೊಂದುಂಟು. ಎದ್ದು ನಾಲ್ಕು ಹೆಜ್ಜೆ ನಡೆದರೆ ಉಪಶಮನ. ಮರಳಿ ಮಲಗಿದರೆ ಮರಳಿ ಉಪದ್ರವ. 1672ರಲ್ಲಿಯೇ ಇಂಗ್ಲೆಂಡಿನ ವೈದ್ಯರಾದ ಥಾಮಸ್ ವಿಲ್ಲಿಸರು ಇದನ್ನು ವರ್ಣಿಸಿದ್ದರು. 1945ರಲ್ಲಿ ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬಾಮ್ ಅವರು ‘ರೆಸ್ಟ್‌ಲೆಸ್ ಲೆಗ್ಸ್’ ಎಂಬ ಹೆಸರಿನಲ್ಲಿ ಇದರ ಲಕ್ಷಣಗಳನ್ನು ಶಾಸ್ತ್ರೀಯವಾಗಿ ನಿರೂಪಿಸಿದರು.

ಇಂತಹ ಬಾಧೆಗೊಳಗಾದವರು ತಾವು ಉಂಡ ಅನ್ನವನ್ನೇ ಶಂಕಿಸುವುದು ಸಹಜ. ಆಲೂಗೆಡ್ಡೆ ವಾಯುವೆಂದು ಒಬ್ಬರು, ಬದನೆಕಾಯಿ ನಂಜೆಂದು ಮತ್ತೊಬ್ಬರು ಹೇಳಿದ್ದನ್ನೆಲ್ಲ ನಂಬಿ ಒಂದೊಂದಾಗಿ ಬಿಡುತ್ತ ಹೋದರೆ, ತಟ್ಟೆ ಬರಿದಾಗುವುದೇ ಹೊರತು ಕಾರಣ ತಿಳಿಯದು. ಆದುದರಿಂದ ಆಹಾರಪರೀಕ್ಷೆಗೆ ಒಂದು ಕ್ರಮವಿರಬೇಕು.

ಆ ಕ್ರಮದಲ್ಲಿ ಮೊದಲನೆಯದು ರಕ್ತಪರೀಕ್ಷೆ. ಮಿದುಳಿನಲ್ಲಿ ಕಬ್ಬಿಣಾಂಶವು ಸಾಲದೆ ಹೋಗುವುದಕ್ಕೂ ಈ ವ್ಯಾಧಿಗೂ ನಿಕಟವಾದ ಸಂಬಂಧವಿದೆ. ಹಿಮೋಗ್ಲೋಬಿನ್ ಸರಿಯಾಗಿದ್ದರೂ ದೇಹದ ಕಬ್ಬಿಣದ ದಾಸ್ತಾನನ್ನು ಸೂಚಿಸುವ ಫೆರಿಟಿನ್ ಕಡಮೆಯಾಗಿರಬಹುದು. ಅದು ಲೀಟರಿಗೆ 75 ಮೈಕ್ರೋಗ್ರಾಮಿಗಿಂತ ಕೆಳಗಿದ್ದರೆ, ಈ ರೋಗಿಗಳಿಗೆ ಕಬ್ಬಿಣ ಕೊಡುವುದನ್ನು ತಜ್ಞರು ಪರಿಶೀಲಿಸುತ್ತಾರೆ. ಊಟದ ಜೊತೆಗೇ ಕುಡಿಯುವ ಕಾಫಿ, ಚಹಗಳು ಸೊಪ್ಪುಕಾಳುಗಳಲ್ಲಿನ ಕಬ್ಬಿಣವು ಮೈಗೆ ಹತ್ತುವುದನ್ನು ತಗ್ಗಿಸುತ್ತವೆ. ಪಲ್ಯದ ಮೇಲೆ ಹಿಂಡಿದ ನಿಂಬೆಯ ರಸವು ಆ ಕಬ್ಬಿಣ ಮೈಗೆ ಹತ್ತಲು ಸಹಾಯಕವಾಗುತ್ತದೆ.

ಎರಡನೆಯದು ಗೋದಿಯ ವಿಚಾರ. ಗೋದಿಯಲ್ಲಿನ ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗದಲ್ಲಿ ಸಣ್ಣಕರುಳಿನ ಒಳಪದರ ಹಾಳಾಗಿ, ಉಂಡ ಕಬ್ಬಿಣವು ರಕ್ತಕ್ಕೆ ಸೇರದೆ, ಆ ಮೂಲಕ ಕಾಲಿನ ತಳಮಳಕ್ಕೂ ಎಡೆಯಾಗಬಹುದು. ಆದರೆ ಸಂಶಯ ಬಂದೊಡನೆಯೇ ಚಪಾತಿಯನ್ನು ಬಿಡಕೂಡದು. ಗೋದಿಯನ್ನು ಬಿಟ್ಟ ಬಳಿಕ ಮಾಡಿಸಿದ ಪರೀಕ್ಷೆಯಲ್ಲಿ ರೋಗವಿದ್ದರೂ ಕಾಣದೆ ಹೋಗಬಹುದು.

ಇಷ್ಟಾದ ಮೇಲೆಯೂ ಶಂಕೆ ಉಳಿದರೆ ದಿನಚರಿಯ ಪುಸ್ತಕವೊಂದನ್ನು ಇಟ್ಟುಕೊಳ್ಳತಕ್ಕದ್ದು. ಏನನ್ನು ಯಾವ ಹೊತ್ತಿಗೆ ಉಂಡೆವು, ತಳಮಳ ಎಷ್ಟು ಗಂಟೆಗೆ ತೊಡಗಿತು, ಎಷ್ಟು ಸಲ ಎದ್ದೆವು, ಯಾವ ಔಷಧ ಸೇವಿಸಿದೆವು ಎಂಬುದೆಲ್ಲ ಅದರಲ್ಲಿರಲಿ. ನೆಗಡಿಗೆಂದು ನುಂಗಿದ, ತೂಕಡಿಕೆ ತರಿಸುವ ಮಾತ್ರೆಯೂ ಕಾಲನ್ನು ಕೆರಳಿಸಬಲ್ಲುದಾದ್ದರಿಂದ, ಅಂದಿನ ಸಾರನ್ನು ದೂರುವ ಮುನ್ನ ಅದನ್ನು ನೆನೆಯಬೇಕು.

ದಿನಚರಿಯು ಶಂಕೆ ಮೂಡಿಸಿದ ಪದಾರ್ಥವನ್ನು ಬಿಟ್ಟು ನೋಡುವ ಬಗೆಗೆ ಉದಾಹರಣೆಯಾಗಿ, ಸಂಜೆಯ ಫಿಲ್ಟರ್ ಕಾಫಿಯನ್ನೇ ತೆಗೆದುಕೊಳ್ಳೋಣ. ಅದರಲ್ಲಿನ ಕೆಫೀನು ಅರ್ಧದಷ್ಟು ಇಳಿಯಲು ಸಾಮಾನ್ಯವಾಗಿ ಸುಮಾರು ಐದು ಗಂಟೆ ಹಿಡಿಯುವುದರಿಂದ, ಐದು ಗಂಟೆಗೆ ಕುಡಿದದ್ದರ ಅರ್ಧಭಾಗ ಹತ್ತಕ್ಕೆ ಮಲಗುವಾಗಲೂ ಮೈಯಲ್ಲಿರುತ್ತದೆ. ಕೆಲವರಲ್ಲಿ ಇದು ತಳಮಳವನ್ನು ಹೆಚ್ಚಿಸುತ್ತದೆ, ಎಲ್ಲರಲ್ಲಿಯೂ ಅಲ್ಲ. ಕಾಫಿಯನ್ನು ಕೆಲವು ದಿನಗಳಲ್ಲಿ ಕ್ರಮವಾಗಿ ಇಳಿಸಿ, ಉಳಿದ ಊಟ ಉಪಚಾರಗಳನ್ನು ಬದಲಿಸದೆ, ಎರಡು ಮೂರು ವಾರ ಪೂರ್ಣವಾಗಿ ಬಿಟ್ಟು, ಬಳಿಕ ಮತ್ತೆ ಕುಡಿದು ನೋಡಬೇಕು. ಬಿಟ್ಟಾಗ ತಗ್ಗಿದ್ದು ಕುಡಿದಾಗ ಮರಳಿ ಏರಿದರೆ, ಅದೂ ಒಂದಕ್ಕಿಂತ ಹೆಚ್ಚು ಸಲ ಹಾಗಾದರೆ, ಆಗ ಶಂಕೆಗೆ ಬಲ ಬಂದಂತೆ. ಈ ವ್ಯಾಧಿಯು ತಾನಾಗಿಯೇ ಏರಿಳಿಯುವ ಸ್ವಭಾವದ್ದಾದುದರಿಂದ, ಒಂದು ರಾತ್ರಿಯ ಸುಖನಿದ್ರೆಯನ್ನು ಪ್ರಮಾಣವೆಂದು ಎಣಿಸಲಾಗದು. ಹಾಲಾಗಲಿ ಮದ್ಯವಾಗಲಿ, ಪರೀಕ್ಷಿಸುವ ವಿಧಾನ ಇದೇ. ಒಂದು ಸಲಕ್ಕೆ ಒಂದೇ ಪದಾರ್ಥ.

ಗರ್ಭಿಣಿಯರೂ ಮಕ್ಕಳೂ ವೃದ್ಧರೂ ಮೂತ್ರಪಿಂಡದ ರೋಗವುಳ್ಳವರೂ ವೈದ್ಯರ ಸಲಹೆಯಿಲ್ಲದೆ ಆಹಾರವನ್ನು ತ್ಯಜಿಸಬಾರದು. ಪರೀಕ್ಷಿಸಿಕೊಳ್ಳದೆ ಕಬ್ಬಿಣದ ಮಾತ್ರೆಗಳನ್ನು ಯಾರೂ ನುಂಗಬಾರದು. ನಿರಪರಾಧಿಯಾದ ಆಹಾರವನ್ನು ಜನ್ಮವಿಡೀ ದೂರವಿಡುವುದು ದೇಹಕ್ಕೆ ನಷ್ಟ. ಪೀಡಿಸುವುದನ್ನು ಅರಿಯದೆ ಉಣ್ಣುವುದು ನಿದ್ದೆಗೆ ನಷ್ಟ. ಇವೆರಡೂ ಆಗದಂತೆ ಕಾಯುವುದು ಕ್ರಮಬದ್ಧವಾದ ಪರೀಕ್ಷೆಯೊಂದೇ. ಬಾಧೆಯುಳ್ಳವರು ಇಂದಿನ ರಾತ್ರಿಯಿಂದಲೇ ಬರೆದಿಡಲು ತೊಡಗಿ, ಆ ಪುಸ್ತಕವನ್ನು ವೈದ್ಯರ ಮುಂದಿಡಲಿ ಎಂಬುದು ನನ್ನ ಪ್ರಾರ್ಥನೆ.