ಕೂಸು ಕೆಂಪಗೈತೇನ?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಪಾಲಕರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಕ್ಕಳ ಪಾಲನೆಯ ಬಗ್ಗೆ ನಾಲ್ಕು ಮಾತು ಹೇಳಿರಿ ಎಂದು ಮುಖ್ಯಗುರುಗಳು ಕರೆದಿದ್ದಾರೆ. ಲಸಿಕೆ, ಪೌಷ್ಟಿಕ ಆಹಾರ, ಮೊಬೈಲ್ ಇಂಥದ್ದನ್ನು ಹೇಳುತ್ತೇನೆಂದು ಅವರು ತಿಳಿದಿರಬೇಕು. ಅವುಗಳ ಬಗ್ಗೆ ಹೇಳುವವರು ಬಹಳ ಜನ ಇದ್ದಾರೆ. ನಾನು ಅಂಗನವಾಡಿ ಕಾರ್ಯಕರ್ತೆಯಾಗಿ ಸೇರಿ, ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳನ್ನು ಬಸ್ಸಿನಲ್ಲಿ, ಟಂಟಂನಲ್ಲಿ, ಕೆಲವೊಮ್ಮೆ ನಡೆದುಕೊಂಡು ತಿರುಗಿದ್ದೇನೆ. ಇಷ್ಟು ವರ್ಷದಲ್ಲಿ ಯಾವ ಸಭೆಯಲ್ಲೂ ಯಾರೂ ಮಾತಾಡದ ವಿಷಯವೊಂದಿದೆ. ಅದು ಮಕ್ಕಳ ಮೈಬಣ್ಣ. ಇವತ್ತು ಅದನ್ನೇ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ರೋಣದಿಂದ ಗಜೇಂದ್ರಗಡಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ನನ್ನ ಮುಂದಿನ ಸೀಟಿನಲ್ಲಿ ಒಬ್ಬ ತಾಯಿ, ಮೂರೂವರೆ ವರ್ಷದ ಮಗ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಒಬ್ಬಾಕೆ ನಿಂತಿದ್ದಳು. ಆ ಹುಡುಗ ಅವಳನ್ನೇ ಒಂದಿಷ್ಟು ಹೊತ್ತು ನೋಡಿ, ಇಡೀ ಬಸ್ಸಿಗೆ ಕೇಳುವಂತೆ, “ಯವ್ವಾ, ಈ ಅಕ್ಕ ಯಾಕ ಇಷ್ಟ ಕರ್ರಗ ಅದಾಳ?” ಅಂದ. ತಾಯಿ ಪಟ್ಟನೆ ಅವನ ಬಾಯಿ ಮುಚ್ಚಿ ತೊಡೆಗೆ ಚಿವುಟಿದಳು. “ಸುಮ್ಕಿರು, ಹಂಗ ಅನಬಾರದು.” ಹುಡುಗ ಅತ್ತ. ಬುಟ್ಟಿಯವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಆ ಹುಡುಗ ಏನು ತಪ್ಪು ಮಾಡಿದ ಹೇಳಿರಿ. ಮೂರು ವರ್ಷದ ಮಗು ಎಲ್ಲವನ್ನೂ ಬಣ್ಣದಿಂದಲೇ ಗುರುತಿಸುತ್ತದೆ. ಕೆಂಪು ಬಸ್ಸು, ಬಿಳಿ ಆಕಳು, ಹಸಿರು ಬಳೆ. ನಾವೇ ಅಂಗನವಾಡಿಯಲ್ಲಿ ಮುಂದೆ ಕೂಡಿಸಿಕೊಂಡು ಬಣ್ಣ ಕಲಿಸುತ್ತೇವೆ, ಸರಿಯಾಗಿ ಹೇಳಿದರೆ ಚಪ್ಪಾಳೆ ತಟ್ಟುತ್ತೇವೆ. ಅದೇ ಮಗು ಮನುಷ್ಯರ ಬಣ್ಣ ಹೇಳಿದ ದಿನ ಚಿವುಟುತ್ತೇವೆ. ಅವನಿಗೆ ಅಂದು ತಿಳಿದದ್ದು ಇಷ್ಟೇ: ಈ ಬಣ್ಣದಲ್ಲಿ ಏನೋ ಕೆಟ್ಟದ್ದಿದೆ, ಅದಕ್ಕೇ ಅವ್ವ ಹೆದರಿದಳು. ಕಪ್ಪು ಕೆಟ್ಟದ್ದು ಎಂದು ಆ ತಾಯಿ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅವಶ್ಯಕತೆಯೂ ಬೀಳಲಿಲ್ಲ.

ಮಕ್ಕಳು ಇದನ್ನು ನೋಡುವುದೇ ಇಲ್ಲ, ಅವರ ಮನಸ್ಸು ಹಾಲಿನಂಥದ್ದು ಎಂದು ಹಿರಿಯರು ಹೇಳುತ್ತಾರೆ. ಹಾಗಲ್ಲ. ಹುಟ್ಟಿದ ಕೂಸಿಗೆ ಎಲ್ಲ ಮುಖಗಳೂ ಒಂದೇ. ಮೂರು ತಿಂಗಳು ತುಂಬುವಷ್ಟರಲ್ಲಿ, ತಾನು ದಿನಾ ಕಾಣುವ ಬಗೆಯ ಮುಖಗಳನ್ನು ಅದು ಹೆಚ್ಚು ಹೊತ್ತು ನೋಡುತ್ತದೆ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ನೋಡುವುದನ್ನು ಯಾರೂ ಕಲಿಸಬೇಕಿಲ್ಲ. ನೋಡಿದ್ದಕ್ಕೆ ಬೆಲೆ ಕಟ್ಟುವುದನ್ನು ಮಾತ್ರ ಮಗು ನಮ್ಮಿಂದ ಕಲಿಯುತ್ತದೆ.

ನಾವು ಬೆಲೆ ಕಟ್ಟುವುದು ಯಾವಾಗ ಶುರುವಾಗುತ್ತದೆ ಗೊತ್ತೇ? ಹೆರಿಗೆ ಕೋಣೆಯ ಬಾಗಿಲಲ್ಲಿ. ಗಂಡೋ ಹೆಣ್ಣೋ ಎಂಬುದು ಮೊದಲ ಪ್ರಶ್ನೆ. ಎರಡನೆಯದು, “ಕೂಸು ಕೆಂಪಗೈತೇನ?” ಹುಟ್ಟಿದ ಕೂಸಿನ ಬಣ್ಣ ನಿಲ್ಲಲು ಕೆಲವು ತಿಂಗಳು ಬೇಕು. ಅಷ್ಟು ತಾಳ್ಮೆ ನಮಗಿಲ್ಲ, ಕಿವಿಯ ಅಂಚು ನೋಡಿ ಮುಂದಿನ ಬಣ್ಣ ಹೇಳುವ ಮುದುಕಿಯರು ಪ್ರತಿ ಊರಲ್ಲೂ ಇದ್ದಾರೆ. ತೂಕ ಎಷ್ಟು ಎಂದು ಮೊದಲು ಕೇಳಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ನಿಜ ಹೇಳಬೇಕೆಂದರೆ ಅದಕ್ಕೂ ಮೊದಲೇ ಶುರುವಾಗುತ್ತದೆ, ಬಸುರಿಯಲ್ಲೇ. ಕಬ್ಬಿಣಾಂಶದ ಗುಳಿಗೆ ನುಂಗದೆ ಹಿತ್ತಲಿಗೆ ಎಸೆದ ಎಷ್ಟೋ ಸೊಸೆಯಂದಿರನ್ನು ಕಂಡಿದ್ದೇನೆ. ಯಾಕವ್ವಾ ಅಂದರೆ, “ಅದನ್ನ ತಗೊಂಡ್ರ ಕೂಸು ಕರ್ರಗ ಹುಟ್ಟತೈತಿ ಅಂತಾರ್ರೀ ಅಕ್ಕೋರ.” ಆ ಗುಳಿಗೆಯಿಂದ ಮಲ ಕಪ್ಪಾಗುವುದು ನಿಜ, ಅದನ್ನು ನೋಡಿಯೇ ಈ ಮಾತು ಹುಟ್ಟಿರಬೇಕು. ಕೂಸಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಬಣ್ಣ ಬರುವುದು ತಂದೆ ತಾಯಿಯಿಂದ, ಅಜ್ಜ ಮುತ್ತಜ್ಜರಿಂದ. ಬಸುರಿಯಾದವಳು ದಿನಕ್ಕೊಂದರಂತೆ ಕನಿಷ್ಠ 180 ದಿನ ಆ ಗುಳಿಗೆ ತಗೊಳ್ಳಬೇಕು. ಬಿಟ್ಟರೆ ರಕ್ತ ಕಡಿಮೆಯಾಗುತ್ತದೆ, ಹೆರಿಗೆಯಲ್ಲಿ ಜೀವಕ್ಕೇ ಬರುತ್ತದೆ. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಶುರುವಾಯಿತು. ಊಟದ ನಂತರ ನಮ್ಮ ಕಣ್ಣೆದುರೇ ಗುಳಿಗೆ ನುಂಗಿಸುತ್ತಿದ್ದೆವು. ಆಗಲೂ ಕೆಲವರು ನಾಲಿಗೆಯ ಕೆಳಗೆ ಇಟ್ಟುಕೊಂಡು ಹೊರಗೆ ಹೋಗಿ ಉಗುಳುತ್ತಿದ್ದರು. ಬಣ್ಣದ ಆಸೆ ನಮ್ಮಲ್ಲಿ ರಕ್ತವನ್ನೂ ಕುಡಿಯುತ್ತದೆ.

ಇಷ್ಟೆಲ್ಲ ಬೇರೆಯವರಿಗೆ ಹೇಳುತ್ತ ತಿರುಗಿದ ನಾನು ಮನೆಯಲ್ಲಿ ಏನು ಮಾಡಿದೆ ಎಂಬುದನ್ನೂ ಹೇಳಬೇಕು. ಮಗಳನ್ನು ಕೇಳಿಯೇ ಹೇಳುತ್ತಿದ್ದೇನೆ.

ನನ್ನ ಮಗಳದು ನನ್ನದೇ ಬಣ್ಣ. ನಾನು ಕಪ್ಪಗಿದ್ದೇನೆ, ನೀವು ನೋಡುತ್ತಿದ್ದೀರಿ. ನನ್ನ ಮದುವೆಯ ಮಾತುಕತೆಯಲ್ಲಿ ಎರಡು ಮನೆಯವರು “ಹುಡುಗಿ ಛಲೋ ಅದಾಳ, ಬಣ್ಣ ಸ್ವಲ್ಪ...” ಎಂದು ಅರ್ಧಕ್ಕೆ ನಿಲ್ಲಿಸಿ ಎದ್ದು ಹೋಗಿದ್ದರು. ನನಗಾದದ್ದು ಮಗಳಿಗೆ ಆಗಬಾರದು ಎಂದು ಪ್ರತಿ ಭಾನುವಾರ ಕಡಲೆಹಿಟ್ಟು, ಅರಿಷಿಣ, ಹಾಲಿನ ಕೆನೆ ಕಲಸಿ ಅವಳ ಮೈಗೆ ಹಚ್ಚಿ ತಿಕ್ಕುತ್ತಿದ್ದೆ. ಪ್ರೀತಿಯಿಂದಲೇ ತಿಕ್ಕುತ್ತಿದ್ದೆ. ಅವಳಿಗೆ ಆರೇಳು ವರ್ಷವಿದ್ದಾಗ ಒಂದು ಸಂಜೆ ಬಚ್ಚಲಲ್ಲಿ ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಹಿಮ್ಮಡಿ ತಿಕ್ಕುವ ಕಲ್ಲಿನಿಂದ ಮೊಣಕೈ ತಿಕ್ಕಿಕೊಳ್ಳುತ್ತಿದ್ದಾಳೆ, ರಕ್ತ ಬಂದಿದೆ. “ಯವ್ವಾ, ಇನ್ನ ಹೋಗವಲ್ದು” ಅಂದಳು.

ಅವಳನ್ನು ಅಪ್ಪಿಕೊಂಡು, “ಕೃಷ್ಣ ದೇವರೂ ಕಪ್ಪಲ್ಲೇನ, ಪಂಢರಪುರದ ವಿಠ್ಠಲನೂ ಕಪ್ಪಲ್ಲೇನ” ಅಂದೆ. ಎಲ್ಲ ತಾಯಂದಿರೂ ಹೇಳುವ ಮಾತು. ಅವಳು ಗೋಡೆಯ ಕ್ಯಾಲೆಂಡರ್ ನೋಡಿ, “ಹಂಗಾರ ರುಕ್ಮಿಣಿನ್ನ ಯಾಕ ಬೆಳ್ಳಗ ಬರದಾರ?” ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ದೇವರನ್ನು ನಡುವೆ ತಂದು ಸಮಾಧಾನ ಮಾಡಲು ಹೋದರೆ ಮಕ್ಕಳು ನಮಗಿಂತ ಚೆನ್ನಾಗಿ ದೇವರನ್ನು ನೋಡಿರುತ್ತಾರೆ.

ಭಾನುವಾರದ ತಿಕ್ಕಾಟ ಅಂದೇ ನಿಲ್ಲಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಲ್ಲು ಎಸೆದೆ, ಹಿಟ್ಟು ಬಿಡಲಿಲ್ಲ. ಡಿ.ಎಡ್. ಮುಗಿದ ಮೇಲೆ ಅವಳನ್ನು ನೋಡಲು ಬಂದವರು ಬಣ್ಣದ ಮಾತು ತೆಗೆದು ಹೋದರು. ಆ ರಾತ್ರಿ ನಾನು ಅಳುತ್ತಿದ್ದೆ. ಅವಳು ಅಂದಳು: “ಅವರು ಒಂದ್ ತಾಸು ಕುಂತು ಹೋದ್ರು ಯವ್ವಾ. ನೀ ಹತ್ತ ವರ್ಷ ತಿಕ್ಕೀದಿ.”

ಆಮೇಲೆ ನನ್ನ ಕೇಂದ್ರಗಳನ್ನು ಬೇರೆ ಕಣ್ಣಿನಿಂದ ನೋಡಲು ಶುರುಮಾಡಿದೆ. ಅಂಗನವಾಡಿಗೆ ಬರುವ ಗೊಂಬೆಗಳೆಲ್ಲ ಗುಲಾಬಿ ಬಣ್ಣದವು. ಅಮೆರಿಕದಲ್ಲಿ 1940ರ ದಶಕದಲ್ಲಿ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಎಂಬ ಗಂಡ ಹೆಂಡತಿ ಇಬ್ಬರೂ ಮನೋವಿಜ್ಞಾನಿಗಳು, ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಬಣ್ಣ ಒಂದು ಬಿಟ್ಟು ಉಳಿದೆಲ್ಲ ಒಂದೇ ಇರುವ ಗೊಂಬೆಗಳನ್ನಿಟ್ಟರು. ಚೆಂದದ್ದು ಯಾವುದು ಅಂದರೆ ಹೆಚ್ಚಿನ ಮಕ್ಕಳು ಬಿಳಿ ಗೊಂಬೆ ತೋರಿಸಿದರು. ಕೆಟ್ಟದ್ದು ಯಾವುದು ಅಂದರೆ ಬಹಳ ಮಕ್ಕಳು ಕಪ್ಪನ್ನು ತೋರಿಸಿದರು. ನಿನ್ನಂತೆ ಇರುವುದು ಯಾವುದು ಎಂದು ಕೊನೆಗೆ ಕೇಳಿದಾಗ ಕೆಲವು ಮಕ್ಕಳು ಅತ್ತವು. ಕಪ್ಪು ಮಕ್ಕಳಿಗೆ ಬೇರೆ ಶಾಲೆ ಇಡುವುದು ತಪ್ಪು ಎಂದು 1954ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪು ಕೊಡುವಾಗ ಇವರ ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ನನ್ನದು ಅಂಥ ದೊಡ್ಡ ಪ್ರಯೋಗವೇನಲ್ಲ. ಹಳೆಯ ಬಟ್ಟೆಯಲ್ಲಿ ಗೋದಿ ಬಣ್ಣದ್ದೊಂದು, ಕಂದು ಬಣ್ಣದ್ದೊಂದು ಗೊಂಬೆ ಹೊಲಿಸಿ, ಎರಡಕ್ಕೂ ಒಂದೇ ಖಣದ ಕುಪ್ಪಸ ತೊಡಿಸಿ ಒಂದು ಕೇಂದ್ರದಲ್ಲಿಟ್ಟೆ. ಹುಡುಗಿಯರು ಮದುವೆ ಆಟ ಆಡಿದರು. ಗೋದಿ ಬಣ್ಣದ್ದು ಮದುಮಗಳು. ಕಂದು ಗೊಂಬೆ ಮೂರು ದಿನವೂ ಭಾಂಡೆ ತಿಕ್ಕಿತು. ನಾಲ್ಕನೆಯ ದಿನ ನಮ್ಮ ಕಾರ್ಯಕರ್ತೆ ಅವರ ಪಕ್ಕ ಕುಳಿತು, “ಇವತ್ತ ಈಕಿ ಮದುವಿ ಮಾಡೂಣು” ಅಂದಳು. ಯಾವ ಉಪದೇಶವೂ ಇಲ್ಲ, ಆಟದೊಳಗೆ ಒಂದು ಮಾತು ಅಷ್ಟೇ. ಮಕ್ಕಳು ಒಂದು ಗಳಿಗೆ ಯೋಚನೆ ಮಾಡಿ, ಬಾಸಿಂಗ ಕಟ್ಟಿದರು.

ಬಣ್ಣದ ಪೆನ್ಸಿಲ್ ಡಬ್ಬಿಯದೂ ಇದೇ ಕಥೆ. ತೆಳು ಗುಲಾಬಿ ಬಣ್ಣದ ಕಡ್ಡಿಗೆ ಮಕ್ಕಳಷ್ಟೇ ಅಲ್ಲ, ನಾವೂ “ಸ್ಕಿನ್ ಕಲರ್” ಎನ್ನುತ್ತೇವೆ. ಯಾರ ಸ್ಕಿನ್? ಈ ಪೆಂಡಾಲಿನಲ್ಲಿ ಆ ಬಣ್ಣದವರು ಒಬ್ಬರೂ ಕಾಣುತ್ತಿಲ್ಲ. ಅಮೆರಿಕದ ಕ್ರೇಯೋಲಾ ಕಂಪನಿ 1962ರಲ್ಲೇ ಆ ಅರ್ಥದ ಹೆಸರನ್ನು ಬಿಟ್ಟು, ಪೀಚ್ ಹಣ್ಣಿನ ಹೆಸರಿಟ್ಟಿತು. ನಮ್ಮಲ್ಲಿ ಹೆಸರು ಬದಲಾದದ್ದು ಮುಖಕ್ಕೆ ಹಚ್ಚುವ ಕ್ರೀಮಿಗೆ, 2020ರಲ್ಲಿ. ಫೇರ್ ಹೋಗಿ ಗ್ಲೋ ಬಂತು. ಕೊಳ್ಳುವವರು ಏನೆಂದು ಕೊಳ್ಳುತ್ತಾರೆ ಎಂಬುದು ಅಂಗಡಿಯವರಿಗೆ ಗೊತ್ತು. ಇಲ್ಲೇ ಒಂದು ಮಾತು: ಡಾಕ್ಟರ ಚೀಟಿಯಿಲ್ಲದೆ ಔಷಧ ಅಂಗಡಿಯಿಂದ ಸ್ಟೀರಾಯ್ಡ್ ಮುಲಾಮು ತಂದು ಹೆಣ್ಣುಮಕ್ಕಳ ಮುಖಕ್ಕೆ ಹಚ್ಚಬೇಡಿರಿ. ಚರ್ಮ ತೆಳುವಾಗಿ, ಬಿಸಿಲಿಗೆ ಹೋದರೆ ಉರಿಯುವ ಹಾಗಾಗುತ್ತದೆ.

ಹಾಗಾದರೆ ಮಗು ಕೇಳಿದಾಗ ಏನು ಹೇಳಬೇಕು? ಇದ್ದದ್ದನ್ನು ಇದ್ದಂತೆ ಹೇಳಿದರೆ ಸಾಕು. “ಹೌದು, ಆ ಅಕ್ಕಂದು ಕಪ್ಪು ಬಣ್ಣ, ನಿಂದು ಗೋದಿ ಬಣ್ಣ. ಅವರವ್ವ ಅಪ್ಪನ ಬಣ್ಣ ಅವರಿಗೆ ಬಂದೈತಿ, ನಮ್ಮದು ನಿನಗ ಬಂದೈತಿ.” ಸ್ವಲ್ಪ ದೊಡ್ಡ ಮಗುವಾದರೆ, ಎಲ್ಲರ ಚರ್ಮದಲ್ಲೂ ಮೆಲನಿನ್ ಎಂಬ ಒಂದೇ ಬಣ್ಣದ ಪುಡಿ ಇದೆ, ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ, ಬಿಸಿಲಿನಿಂದ ಮೈಯನ್ನು ಕಾಯುವುದು ಅದೇ ಎಂದು ಹೇಳಬಹುದು. ಮೆತ್ತಗೆ, ಅವಸರವಿಲ್ಲದೆ ಹೇಳಬೇಕು. ಮಾತಿಗಿಂತ ನಮ್ಮ ದನಿಯನ್ನು ಮಗು ಹೆಚ್ಚು ಕೇಳಿಸಿಕೊಳ್ಳುತ್ತದೆ. ಬಸ್ಸಿನಲ್ಲಿದ್ದ ಆಕೆಗೂ ಚಿವುಟಿದ್ದಕ್ಕಿಂತ ಈ ಉತ್ತರ ಕಡಿಮೆ ನೋವು ಕೊಡುತ್ತಿತ್ತು.

ನಿಮ್ಮ ಮಗು ಬೇರೆಯವರಿಂದ ಅನಿಸಿಕೊಂಡು ಬಂದರೆ, “ನೀ ಎಲ್ಲಿ ಕರ್ರಗದೀ, ನೀ ಕೆಂಪಗದೀ” ಎನ್ನಬೇಡಿರಿ. ಅದಕ್ಕೆ ಕನ್ನಡಿ ಇದೆ, ನೀವು ಸುಳ್ಳು ಹೇಳಿದಿರಿ ಎಂದು ತಿಳಿಯುತ್ತದೆ. ಯಾರು, ಎಲ್ಲಿ, ಏನೆಂದರು ಎಂಬುದನ್ನು ಪೂರ್ತಿ ಕೇಳಿರಿ. ನಮ್ಮ ಭಾಗದಿಂದ ಗೋವಾ, ಮಂಗಳೂರು ಕಡೆ ದುಡಿಯಲು ಗುಳೆ ಹೋಗುವ ಮನೆಗಳ ಮಕ್ಕಳು ನಾಲ್ಕು ತಿಂಗಳು ಬಿಸಿಲಲ್ಲಿದ್ದು ತಿರುಗಿ ಬಂದಾಗ ಈ ಮಾತುಗಳನ್ನು ಹೆಚ್ಚು ಕೇಳುತ್ತವೆ. ಅಂಥ ಮಗು ಹಿಂದಿನ ಸಾಲಿಗೆ ಸರಿದು ಕೂತರೆ ಅಕ್ಕೋರು, ಸರ್‌ಗಳು ಗಮನಿಸಬೇಕು. ಅನ್ನುವುದು ನಿಮ್ಮ ಮಗುವೇ ಆಗಿದ್ದರೆ ಹೊಡೆಯಬೇಡಿರಿ. ಎಲ್ಲಿ ಕೇಳಿದಿ ಎಂದು ಕೇಳಿರಿ. ಉತ್ತರ ಬಹಳ ಸಲ ನಿಮ್ಮ ಮನೆಯ ಕಟ್ಟೆಯ ಮೇಲೆಯೇ ಸಿಗುತ್ತದೆ. ಬಣ್ಣ ನೋಡಿ ಜಾತಿ ಊಹಿಸುವ, ಊಹೆ ತಪ್ಪಾದಾಗ “ಅವರಾಗ ಇಷ್ಟ ಕೆಂಪಗ ಹೆಂಗ ಹುಟ್ಟಿತು” ಎಂದು ನಗುವ ಮಾತುಗಳನ್ನು ಮಕ್ಕಳ ಮುಂದೆಯೇ ಆಡುತ್ತೇವೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಜನ ತಲೆಮಾರುಗಳಿಂದ ಇದೇ ನಾಡಿನವರು. ಅವರನ್ನೂ ಯಾವ ದೇಶದವರು ಎಂದು ಕೇಳುವವರಿದ್ದಾರೆ.

ಹಿಂದೆ ನಮ್ಮ ಊರುಗಳಲ್ಲಿ ಕರಿಯಪ್ಪ, ಕರಿಯವ್ವ, ಕೆಂಚಪ್ಪ, ಕೆಂಚವ್ವ ಎಂಬ ಹೆಸರುಗಳು ಮನೆಗೊಂದಿದ್ದವು. ನಮ್ಮ ಅಜ್ಜ ಎರೆಹೊಲದ ಮಣ್ಣು ಕಪ್ಪಿದ್ದಷ್ಟೂ ಹಸಿ ಹಿಡಿಯುತ್ತದೆ, ಹಿಂಗಾರಿಗೆ ಕಡಲೆ, ಬಿಳಿಜೋಳ ಚೆನ್ನಾಗಿ ಬರುತ್ತವೆ ಎನ್ನುತ್ತಿದ್ದ. ಅದೇ ಅಜ್ಜ ಮೊಮ್ಮಗಳು ಕಪ್ಪಗೆ ಹುಟ್ಟಿದ್ದಕ್ಕೆ ಸಪ್ಪಗಾಗಿದ್ದನಂತೆ. ನನ್ನ ಅವ್ವ ಹೇಳುತ್ತಿದ್ದಳು.

ಮುಗಿಸುತ್ತೇನೆ. ಮಗಳಿಗೆ ಒಳ್ಳೆಯ ಮನೆ ಸಿಕ್ಕಿತು. ಅವಳ ಹೆರಿಗೆಯಾದ ದಿನ ಬೀಗರ ಕಡೆಯ ಹಿರಿಯರೊಬ್ಬರು ಬಾಗಿಲಲ್ಲೇ ಕೇಳಿದರು, “ಕೂಸು ಕೆಂಪಗೈತೇನ?” ಹಾಸಿಗೆಯಲ್ಲಿದ್ದ ಮಗಳು ನನ್ನ ಮುಖ ನೋಡಿದಳು. ಆ ನೋಟ ನನಗೆ ಇನ್ನೂ ಮರೆತಿಲ್ಲ. “ಮೂರು ಕಿಲೋ ಐತ್ರಿ, ಜೋರ ಅಳತೈತಿ” ಅಂದೆ.

ಆ ಕೂಸಿಗೆ ಈಗ ನಾಲ್ಕು ವರ್ಷ. ಈ ಸಲದ ಮಣ್ಣೆತ್ತಿನ ಅಮಾವಾಸ್ಯೆಗೆ ನಾನೂ ಅವಳೂ ಕಟ್ಟೆಯ ಮೇಲೆ ಕುಳಿತು ಎರೆಮಣ್ಣಿನ ಎತ್ತು ಮಾಡುತ್ತಿದ್ದೆವು. ನನ್ನ ಕೈ ಹಿಡಿದು ಎತ್ತಿನ ಪಕ್ಕ ಇಟ್ಟು, “ಆಯೀ, ನಿನ್ನ ಕೈ ಎತ್ತಿನ ಬಣ್ಣ ಐತಿ” ಅಂದಳು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

“ಹೂಂ, ಎತ್ತಿನ ಬಣ್ಣನ ಐತಿ. ನಿಂದ್ಯಾವುದು ನೋಡು” ಅಂದೆ.

ತನ್ನ ಕೈಯ ಮಣ್ಣು ಒರೆಸಿಕೊಂಡು ನೋಡಿ, “ನಂದು ಬೆಲ್ಲದ್ದು” ಅಂದಳು.

“ನಿಮ್ಮವ್ವಂದು?”

ಮಗಳು ಬಾಗಿಲಿಗೆ ಬಂದು ಕೈ ಮುಂದೆ ಚಾಚಿದಳು. ಮೊಮ್ಮಗಳು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಹಿಟ್ಟ ಹತ್ತೈತಿ. ತೊಳಕೊಂಡ ಬಾ, ಆಮ್ಯಾಲ ಹೇಳತೀನಿ” ಅಂದಳು.