ಗಾಡಿ ಅಗ್ರಹಾರ ಸೇರಿತೇ?



ಮಾದಾಪುರದ ನಮ್ಮ ಕೂಟದಲ್ಲಿ ಕಳೆದ ಸಲ ಹಿರಿಯರೊಬ್ಬರು ಕೇಳಿದರು: ಕತೆಯನ್ನು ಮುಗಿಸದೆ ಬಿಡುವುದು ಓದುಗನಿಗೆ ಮಾಡುವ ಮೋಸವಲ್ಲವೆ? ಪ್ರತಿ ಕಡತಕ್ಕೂ ಅಂತಿಮ ಆದೇಶ ಬೇಕೆನ್ನುವ ಕೇಂದ್ರ ಸರ್ಕಾರದ ನೌಕರ ನಾನು. ನನಗೂ ಒಮ್ಮೆ ಅದೇ ಸಿಟ್ಟಿತ್ತು.

1965ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ'ದ ಕೊನೆಯಲ್ಲಿ ಪ್ರಾಣೇಶಾಚಾರ್ಯರು ದೂರ್ವಾಸಪುರದತ್ತ ಹೊರಟ ಗಾಡಿ ಹತ್ತುತ್ತಾರೆ. ಮುಂದೇನಾಯಿತೆಂದು ಲೇಖಕರು ಹೇಳುವುದಿಲ್ಲ. ಆದರೆ ಕತೆ ಯಾರ ಕಣ್ಣಿನಿಂದ ಸಾಗುತ್ತದೆಂಬುದನ್ನು ಗಮನಿಸಬೇಕು. ಮೊದಲು ಅದು ಅಗ್ರಹಾರದ ಮನೆಮನೆ ಹೊಕ್ಕು ಚಿನ್ನದಾಸೆ, ಹಸಿವು, ಹೆದರಿಕೆಗಳನ್ನು ತೋರುತ್ತದೆ. ಕಡೆಗೆ ಆಚಾರ್ಯರ ಮನಸ್ಸಿನೊಳಗೇ ನೆಲೆಸುತ್ತದೆ. ಹೀಗಾಗಿ ಅವರರಿಯದ್ದನ್ನು ನಾವು ಬಲ್ಲೆವು: ನಾರಣಪ್ಪನ ಶವವನ್ನು ಚಂದ್ರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರಿಯೇ ದಹಿಸಿಯಾಗಿದೆ. ಉಳಿದಿರುವ ಪ್ರಶ್ನೆ ಶವದ್ದಲ್ಲ. ಚಂದ್ರಿಯೊಡನೆ ಕೂಡಿದ್ದನ್ನು ಆಚಾರ್ಯರು ಬ್ರಾಹ್ಮಣರೆದುರು ಹೇಳಿಯಾರೇ ಎಂಬುದು.

ನನ್ನ ತಂದೆ ತೀರಿಕೊಂಡಾಗ ನಾನು ಊರಿಗೆ ಹೋಗಲಿಲ್ಲ. ತಮ್ಮನೇ ಕರ್ಮಗಳನ್ನು ಮುಗಿಸಿದ. ರಜೆ ಸಿಗಲಿಲ್ಲವೆಂದು ತಾಯಿಗೆ ಬರೆದೆ. ನಾನು ರಜೆ ಕೇಳಿಯೇ ಇರಲಿಲ್ಲ. ವರ್ಷಗಳ ನಂತರ ಕಾದಂಬರಿಯನ್ನು ಮತ್ತೆ ಓದಿದಾಗ ಆ ಕೊನೆಯ ಪುಟ ನನ್ನನ್ನು ಬಿಡಲಿಲ್ಲ. ಆಚಾರ್ಯರು ಹೇಳಿಬಿಟ್ಟರೆಂದು ಲೇಖಕರು ಬರೆದಿದ್ದರೆ ನಾನು ಸಮಾಧಾನದಿಂದ ಪುಸ್ತಕ ಮುಚ್ಚಿಡುತ್ತಿದ್ದೆ. ಬರೆಯಲಿಲ್ಲ, ಹೇಳುವ ಹೊಣೆ ನನ್ನ ಪಾಲಿಗೆ ಉಳಿಯಿತು.

ಅದನ್ನು ಮೋಸವೆನ್ನಲು ಈಗ ನನಗೆ ಬಾಯಿ ಬರದು. ತಾಯಿ ಇನ್ನೂ ಊರಿನಲ್ಲಿದ್ದಾರೆ. ಈ ಸಲ ರಜೆಗೆ ಅರ್ಜಿ ಹಾಕಿದ್ದೇನೆ.